‘ನಮ್ಮ ವ್ಯಾಪ್ತಿಗೆ ಬರಲ್ಲ ಮೇಡಂ’

ಸಾರ್ವಜನಿಕ ಸಂಪರ್ಕದ ಪೇಪರು ನನ್ನ ಪಾಲಿಗೆ ಬಂದ ವರ್ಷವೆಲ್ಲ ಅದಕ್ಕೆ ಸಿಗುತ್ತಿದ್ದದ್ದು ಊಟದ ನಂತರದ ಪೀರಿಯಡ್ಡೇ. ಗ್ರೂನಿಗ್ ಮತ್ತು ಹಂಟ್ ಎಂಬ ವಿದ್ವಾಂಸರು 1984ರಲ್ಲಿ ವಿಂಗಡಿಸಿದ ಸಾರ್ವಜನಿಕ ಸಂಪರ್ಕದ ನಾಲ್ಕು ಮಾದರಿಗಳನ್ನು ಬೋರ್ಡಿಗೆ ಬರೆದು ಇತ್ತ ತಿರುಗಿದರೆ ಅರ್ಧ ಕ್ಲಾಸು ತೂಕಡಿಸುತ್ತಿರುತ್ತಿತ್ತು. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಆ ಹೊತ್ತಿಗೆ ನನಗೂ ಆಕಳಿಕೆ.

ಒಂದು ದಿನ ಆಸ್ಟ್ರೇಲಿಯಾದ ಜಾನ್ ಕ್ಲಾರ್ಕ್, ಬ್ರಯಾನ್ ಡಾವ್ ಜೋಡಿಯ ಹಳೇ ಅಣಕು ಸಂದರ್ಶನ ಹಾಕಿದೆ. ತೈಲದ ಹಡಗೊಂದರ ಮುಂಭಾಗ ಕಳಚಿಬಿದ್ದಿದೆ. ಸೆನೆಟರ್ ಒಬ್ಬರು ಮುಖದ ಗೆರೆ ಅಲುಗದಂತೆ ಸಮಜಾಯಿಷಿ ಕೊಡುತ್ತಿದ್ದಾರೆ. ಹಡಗನ್ನು ಎಲ್ಲಿಗೆ ಎಳೆದೊಯ್ದಿರಿ ಅಂದರೆ, ಪರಿಸರದಿಂದ ಆಚೆಗೆ ಅನ್ನುತ್ತಾರೆ! ನಾನು ಬಿದ್ದು ಬಿದ್ದು ನಕ್ಕೆ. ಮಕ್ಕಳಿಗೆ ಆ ಉಚ್ಚಾರಣೆಯೇ ಹಿಡಿಯಲಿಲ್ಲ. ಮೇಡಂ ನಗ್ತಿದ್ದಾರಲ್ಲ ಅಂತ ಇಬ್ಬರು ನಕ್ಕರು, ಅಷ್ಟೇ.

ಮರುವರ್ಷ ದಾರಿ ಬದಲಿಸಿದೆ. ಪ್ರತಿ ಪ್ರಶ್ನೆ ಮುಗಿದ ಕೂಡಲೇ ವಿಡಿಯೊ ನಿಲ್ಲಿಸಿ, ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, “ಈಗ ನೀನೇ ಪಿಆರ್‌ಒ, ಉತ್ತರ ಹೇಳು” ಅಂದೆ. ಕೊನೇ ಬೆಂಚಿನ ಹುಡುಗ ಎದ್ದು ನಿಂತ.

“ಹಡಗು ಈಗ ಎಲ್ಲಿದೆ?”

“ಅದು ನಮ್ಮ ವ್ಯಾಪ್ತಿಗೆ ಬರಲ್ಲ ಮೇಡಂ.”

“ಎಣ್ಣೆ ಸೋರಿದೆಯಂತಲ್ಲ?”

“ಗಮನಕ್ಕೆ ಬಂದಿದೆ. ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.”

ಕ್ಲಾಸು ಹೋ ಅಂತು. ಆಮೇಲೆ ಸೆನೆಟರ್ ಬಾಯಿ ತೆರೆದಾಗೆಲ್ಲ ಉಚ್ಚಾರಣೆ ಯಾರಿಗೂ ಅಡ್ಡ ಬರಲಿಲ್ಲ. ಈ ಆಸಾಮಿಯನ್ನು ಅವರು ಯಾವುದೋ ಕಚೇರಿಯ ಕಿಟಕಿಯಲ್ಲಿ ಮೊದಲೇ ನೋಡಿದ್ದರು.

ನಗು ಇನ್ನೂ ಆರಿರಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು, “ಇದು ನಿಜಕ್ಕೂ ಆಗಿದ್ದಾ ಮೇಡಂ?” ಅಂದಳು. ಹೌದು, 1991ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲಲ್ಲಿ ‘ಕಿರ್ಕಿ’ ಅನ್ನುವ ಹಡಗು, ಸಮುದ್ರದ ಪಾಲಾದ ಎಣ್ಣೆ ಸುಮಾರು 17,000 ಟನ್ ಅಂದೆ. ಯಾರೂ ಮಾತಾಡಲಿಲ್ಲ. ನಮಗೆ ಗೊತ್ತಿರುವುದೇನು, ಇನ್ನೂ ಗೊತ್ತಾಗದ್ದೇನು, ಈಗ ಮಾಡುತ್ತಿರುವುದೇನು ಎಂಬ ಮೂರು ಸಾಲಿನಲ್ಲಿ, ಅವಘಡವಾದ ಕೂಡಲೇ ಸಂಸ್ಥೆ ಕೊಡುವ ಮೊದಲ ಹೇಳಿಕೆಯನ್ನು ಆಗಲೇ ಬರೆಸಿದೆ. ನಿದ್ದೆಯ ಸುಳಿವಿರಲಿಲ್ಲ.

ಎಲ್ಲ ತಮಾಷೆಯೂ ಹೀಗೆ ಕೈಹಿಡಿಯಲ್ಲ. ಯುನೈಟೆಡ್ ಏರ್‌ಲೈನ್ಸ್ ಪ್ರಯಾಣದಲ್ಲಿ ಗಿಟಾರ್ ಮುರಿದುಕೊಂಡ ಕೆನಡಾದ ಡೇವ್ ಕ್ಯಾರಲ್ 2009ರಲ್ಲಿ ಯೂಟ್ಯೂಬಿಗೆ ಹಾಕಿದ ಹಾಡು ತೋರಿಸಿದಾಗ ಮಕ್ಕಳೆಲ್ಲ ಗಾಯಕನ ಕಡೆ ಸೇರಿಬಿಟ್ಟರು. ಚರ್ಚೆಗೆ ಜಾಗವೇ ಇಲ್ಲ. ಕಂಪನಿಯೇ ಆ ವಿಡಿಯೊವನ್ನು ಸಿಬ್ಬಂದಿ ತರಬೇತಿಗೆ ಬಳಸಲು ಕೇಳಿತ್ತು ಎಂಬುದನ್ನು ಹೇಳಿ, “ಹಾಗಾದರೆ ನೀವೇ ಕಂಪನಿ. ಕ್ಷಮಾಪಣೆ ಪತ್ರ ಬರೆಯಿರಿ” ಅಂದೆ. ಬಹುತೇಕ ಹಾಳೆಗಳಲ್ಲಿ ಒಂದೇ ಸಾಲು: ‘ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.’ ‘ಅನಾನುಕೂಲ’ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾ ಹೋದೆ. ಒಬ್ಬನಿಗೆ ರೇಗಿತು.

“ಮತ್ತೇನಂತ ಬರೀಲಿ ಮೇಡಂ?”

“ಗಿಟಾರ್ ಅಂತ ಬರಿ.”