ಶೆಡ್ಡಿಗೆ ಗ್ಯಾಸ್ ಕಟಿಂಗ್ ಸೆಟ್ ತಗೊಂಡಿದ್ದು, ನನ್ನ ಅನುಭವ

ನಮ್ದು ಮಂಡ್ಯ ಪಕ್ಕ ಹಳ್ಳಿ, ಮನೆ ಹಿಂದೆ ಒಂದು ಶೀಟ್ ಶೆಡ್ ಐತೆ, ವಾರವೆಲ್ಲ ಬೇರೆ ಕೆಲಸ, ಭಾನುವಾರ ಮಾತ್ರ ಅಲ್ಲಿ ಕಬ್ಬಿಣದ ಕೆಲಸ. ಆರ್ಕ್ ವೆಲ್ಡಿಂಗ್ ಮಷೀನು, ಗ್ರೈಂಡರ್ ಮೊದ್ಲಿಂದ ಇದ್ವು. ನಿಂತೋಗಿದ್ದ ಒಂದು ಆಲೆಮನೆಯಿಂದ ತಳ ತೂತಾಗಿದ್ದ ಕೊಪ್ಪರಿಗೆ ತಂದಾಗ ಅದನ್ನ ಗ್ರೈಂಡರಲ್ಲೇ ಕುಯ್ತೀನಿ ಅಂತ ಕೂತೆ, ಡಿಸ್ಕ್ ಮೇಲೆ ಡಿಸ್ಕ್ ಸವೆದ್ವು, ದುಂಡಗೆ ತಿರುಗಿಸೋ ಜಾಗದಲ್ಲಿ ಡಿಸ್ಕ್ ಕಚ್ಕೊಂಡು ಕೈಯೇ ಎಳ್ಕೊಂಡು ಹೋಯ್ತು. ಅವತ್ತೇ, ಆಕ್ಸಿಜನ್ ಮತ್ತೆ ಗ್ಯಾಸ್ ಉರಿಯಲ್ಲಿ ಕಬ್ಬಿಣ ಕುಯ್ಯೋ ಗ್ಯಾಸ್ ಕಟಿಂಗ್ ಸೆಟ್ ತಗೋಬೇಕು ಅಂತ ತೀರ್ಮಾನ ಮಾಡ್ದೆ.

ಮೊದಲ ಪ್ರಶ್ನೆ ಆಕ್ಸಿಜನ್ ಜೊತೆ ಉರಿಸೋ ಗ್ಯಾಸು ಅಸಿಟಿಲೀನಾ ಎಲ್‌ಪಿಜಿನಾ ಅನ್ನೋದು. ಆಕ್ಸಿಜನ್ ಜೊತೆ ಅಸಿಟಿಲೀನ್ ಉರಿ 3100 ಡಿಗ್ರಿ ಮುಟ್ಟುತ್ತೆ, ಉಕ್ಕನ್ನ ಕರಗಿಸಿ ಬೆಸೆಯೋಕೆ ಅದೇ ಬೇಕು, ಎಲ್‌ಪಿಜಿ ಉರಿ 2800ರ ಹತ್ರ, ಅದರಲ್ಲಿ ಉಕ್ಕಿನ ವೆಲ್ಡಿಂಗ್ ಸರಿಬರಲ್ಲ, ಆದ್ರೆ ಕಟಿಂಗ್, ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಬೆಸೆಯೋದು), ಕಾಯಿಸಿ ಬಗ್ಗಿಸೋದು ಎಲ್ಲ ಆಗುತ್ತೆ. ನನ್ ವೆಲ್ಡಿಂಗಿಗೆ ಆರ್ಕ್ ಮಷೀನ್ ಇತ್ತಲ್ಲ, ಹಾಗಾಗಿ ಎಲ್‌ಪಿಜಿ ಸಾಕು ಅಂದ್ಕೊಂಡೆ. ಇನ್ನೊಂದು, ಅಸಿಟಿಲೀನ್ ಸಿಲಿಂಡರ್ ಒಳಗೆ ಅಸಿಟೋನಲ್ಲಿ ಕರಗಿಸಿ ಇಟ್ಟಿರ್ತಾರೆ, ಮಲಗಿಸಂಗಿಲ್ಲ, ಪ್ರೆಶರ್ 1 ಬಾರ್ ದಾಟಿಸಂಗಿಲ್ಲ, ಮನೇಲಿ ಮಕ್ಳು ಓಡಾಡೋ ಜಾಗದಲ್ಲಿ ಅದನ್ನ ಇಟ್ಕೊಳೋಕೆ ನನಗೆ ಮನಸ್ಸು ಬರ್ಲಿಲ್ಲ. ಎಲ್‌ಪಿಜಿ ಅಗ್ಗ ಅಂತ ಎಲ್ಲರೂ ಹೇಳ್ತಾರೆ, ನಿಜ, ಆದ್ರೆ ಅದು ಆಕ್ಸಿಜನ್ ಜಾಸ್ತಿ ಕುಡಿಯುತ್ತೆ, ಒಂದು ಪಾಲು ಗ್ಯಾಸಿಗೆ ಸುಮಾರು ನಾಲ್ಕು ಪಾಲು ಆಕ್ಸಿಜನ್ ಬೇಕು. ಲೆಕ್ಕ ಹಾಕುವಾಗ ಇದನ್ನ ಮರೀಬೇಡಿ.

ದುಡ್ಡು ಉಳಿಸೋಣ ಅಂತ ಮೈಸೂರಿಗೆ ಹೋಗಿ ಗುಜರಿ ಸಾಮಾನು ಮಾರೋ ಒಂದು ಅಂಗಡೀಲಿ ಹಳೇ ಕಟರ್ (ಕೈಯಲ್ಲಿ ಹಿಡಿದು ಕುಯ್ಯೋ ಟಾರ್ಚ್), ಸಿಲಿಂಡರ್ ಪ್ರೆಶರ್ ಇಳಿಸೋ ಎರಡು ರೆಗ್ಯುಲೇಟರ್, ಪೈಪು ಎಲ್ಲ ಸೇರಿಸಿ ತಗೊಂಡ್ಬಂದೆ. ಕಟರ್ ಚೆನ್ನಾಗೇ ಇತ್ತು, ಗಟ್ಟಿ ಹಿತ್ತಾಳೆ ಮೈ, ವಾಲ್ವುಗಳ ಪ್ಯಾಕಿಂಗ್ ಬದಲಾಯಿಸಿ ಸೋಪ್ ನೀರು ಹಚ್ಚಿ ನೋಡ್ದೆ, ಒಂದು ಗುಳ್ಳೇನೂ ಬರ್ಲಿಲ್ಲ, ಇವತ್ತಿಗೂ ಅದನ್ನೇ ಬಳಸ್ತಿದೀನಿ. ರೆಗ್ಯುಲೇಟರ್ ಕಥೆನೇ ಬೇರೆ. ಆಕ್ಸಿಜನ್ ಸಿಲಿಂಡರಿಗೆ ಹಾಕಿ, ಪಕ್ಕಕ್ಕೆ ನಿಂತ್ಕೊಂಡು ವಾಲ್ವ್ ನಿಧಾನಕ್ಕೆ ಬಿಟ್ಟು, ನಾಬ್ ತಿರುಗಿಸಿ 2 ಬಾರ್ ಪ್ರೆಶರಿಗೆ ನಿಲ್ಸಿದೆ. ಕಟರ್ ವಾಲ್ವ್ ಎಲ್ಲ ಮುಚ್ಚಿದೆ, ನಾನು ಏನೂ ಮುಟ್ತಿಲ್ಲ, ಆದ್ರೂ ಗೇಜಿನ ಮುಳ್ಳು ಮೆಲ್ಲಗೆ ಏರ್ತಾ ಇದೆ, ಎರಡೂವರೆ, ಮೂರು, ನಾಲ್ಕು. ರೆಗ್ಯುಲೇಟರ್ ಒಳಗೆ ವಾಲ್ವ್ ಕೂರೋ ಸೀಟ್ ಸವೆದು ಸಿಲಿಂಡರ್ ಪ್ರೆಶರ್ ಸೋರಿ ಈಚೆಗೆ ಬರ್ತಿತ್ತು. ಆ ಕಡೆ 150 ಬಾರ್ ಇದೆ, ಈ ಕಡೆ ರಬ್ಬರ್ ಪೈಪು. ತಕ್ಷಣ ವಾಲ್ವ್ ಮುಚ್ಚಿ, ಗಾಳಿ ಬಿಟ್ಟು, ಬಿಚ್ಚಿ ಇಟ್ಟೆ. ಎರಡನೇದನ್ನ ಮೂಗಿನ ಹತ್ರ ಹಿಡಿದ್ರೆ ಎಣ್ಣೆ ವಾಸನೆ, ಹೊಳೀಲಿ ಅಂತ ಯಾರೋ ಒರೆಸಿರಬೇಕು. ಆಕ್ಸಿಜನ್ ಸಾಮಾನಿಗೆ ಎಣ್ಣೆ ಗ್ರೀಸ್ ತಾಗಲೇಬಾರದು, ಅಷ್ಟು ಪ್ರೆಶರ್ ಆಕ್ಸಿಜನ್ ಸಿಕ್ಕಿದ್ರೆ ಕಿಡಿ ಇಲ್ದೇನೇ ಹೊತ್ಕೊಳತ್ತೆ. ಅದೂ ಮೂಲೆಗೆ ಹೋಯ್ತು.

ರೆಗ್ಯುಲೇಟರ್ ಎರಡೂ ಹೊಸದಾಗಿ ತಗೊಂಡೆ. ಅಡುಗೆಮನೆ ರೆಗ್ಯುಲೇಟರ್ ಈ ಕೆಲಸಕ್ಕೆ ಆಗಲ್ಲ, ಪ್ರೆಶರ್ ಹೆಚ್ಚು ಕಮ್ಮಿ ಮಾಡೋ ಎಲ್‌ಪಿಜಿದೇ ಬೇಕು. ಗುಜರಿಯವರು ಕೊಟ್ಟಿದ್ದ ಕೆಂಪು ಪೈಪು ಅಸಿಟಿಲೀನಿಂದು, ಎಲ್‌ಪಿಜಿ ಆ ರಬ್ಬರನ್ನ ಒಳಗಿಂದ ಕೆಡಿಸುತ್ತೆ, ಅದಕ್ಕೆ ಎಲ್‌ಪಿಜಿಗೆ ಕಿತ್ತಳೆ ಬಣ್ಣದ್ದು, ಆಕ್ಸಿಜನ್‌ಗೆ ನೀಲಿದು ಹೊಸದು ತಂದೆ. ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ನಾಲ್ಕು ಹಾಕ್ಸಿದೆ, ರೆಗ್ಯುಲೇಟರ್ ಕಡೆ ಎರಡು, ಕಟರ್ ಕಡೆ ಎರಡು. ಅಂಗಡಿಯವರು ಯಾರೂ ಇದನ್ನ ತಾವಾಗೇ ಕೊಡಲ್ಲ, ಕೇಳಿ ತಗೋಬೇಕು, ಉರಿ ಪೈಪಿನೊಳಗೆ ಹಿಂದಕ್ಕೆ ಓಡಿದ್ರೆ ತಡೆಯೋದು ಅದೊಂದೇ. ನನ್ನ ಸೆಟ್ಟಲ್ಲಿ ಅತಿ ಹೆಚ್ಚು ಸಮಾಧಾನ ಕೊಟ್ಟ ಖರ್ಚು ಅದು. ಗ್ಯಾಸ್ ಕಡೆ ನಟ್ ಎಡಕ್ಕೆ ತಿರುಗೋ ಥ್ರೆಡ್, ಮೂಲೆಗಳಲ್ಲಿ ಸಣ್ಣ ಕಚ್ಚು ಇರುತ್ತೆ, ಆಕ್ಸಿಜನ್‌ದು ಮಾಮೂಲಿ ಬಲಕ್ಕೆ, ಹಾಗಾಗಿ ಅದಲು ಬದಲು ಆಗಲ್ಲ.

ಕಟರ್ ತುದೀಲಿ ಉರಿ ಬರೋ ನಾಜಲ್ ಕೂಡ ಬದಲಾಯಿಸ್ಬೇಕಾಯ್ತು. ಅಸಿಟಿಲೀನ್ ನಾಜಲ್ ಒಂದೇ ತುಂಡು, ಎಲ್‌ಪಿಜಿದು ಎರಡು ತುಂಡು, ಒಳಗಿನದು ಗೀರು ಗೀರಾಗಿರುತ್ತೆ. ಪಿಎನ್‌ಎಂ 1/32 ಅಂತ ಕೇಳಿದ್ರೆ ಕೊಡ್ತಾರೆ, 6 ಎಂಎಂ ತನಕದ ತಗಡಿಗೆ ಅದು ಸಾಕು.

ಸಿಲಿಂಡರ್ ಕೊಂಡ್ಕೊಳೋಕೆ ಹೋಗ್ಬೇಡಿ. ಆಕ್ಸಿಜನ್ ಡೀಲರ್ ಹತ್ರ ಡಿಪಾಸಿಟ್ ಕಟ್ಟಿ 1.5 ಕ್ಯೂಬಿಕ್ ಮೀಟರ್‌ದು, ಅಂದ್ರೆ 10 ಲೀಟರಿನ ಚಿಕ್ಕದು ತಗೊಂಡೆ, ಖಾಲಿ ಆದ್ರೆ ಕೊಟ್ಟು ತುಂಬಿದ್ದು ತರೋದು, ಟೆಸ್ಟಿಂಗ್ ತಲೆನೋವೆಲ್ಲ ಅವರದು. ದೊಡ್ಡ 7 ಕ್ಯೂಬಿಕ್‌ದು ಒಬ್ಬನೇ ಎತ್ತೋಕಾಗಲ್ಲ. ಗ್ಯಾಸಿಗೆ ಮನೆ ಅಡುಗೆ ಸಿಲಿಂಡರ್ ಬಳಸಂಗಿಲ್ಲ, 19 ಕೆಜಿ ಕಮರ್ಷಿಯಲ್ ತಗೊಂಡೆ. ಎರಡನ್ನೂ ನಿಲ್ಲಿಸಿ ಕಂಬಕ್ಕೆ ಚೈನ್ ಕಟ್ಟಿದೀನಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲೇ ನಿಲ್ಲುತ್ತೆ, ಅದಕ್ಕೆ ಶೆಡ್ ಗೋಡೆ ಬುಡದಲ್ಲಿ ಎರಡು ಕಿಂಡಿ ಕೊರೆಸ್ದೆ.

ಕೊಪ್ಪರಿಗೆ ಕುಯ್ಯೋ ಭಾನುವಾರ ಮೊದ್ಲು ಸುತ್ತ ಬಿದ್ದಿದ್ದ ಒಣ ಗರಿ ಎಲ್ಲ ಎಳೆದು ಹಾಕಿ, ಸಿಮೆಂಟ್ ನೆಲದ ಮೇಲೆ ಮರಳು ಹರಡ್ದೆ, ಕಾದ ಕಿಟ್ಟ ಬಿದ್ರೆ ಸಿಮೆಂಟ್ ಸಿಡಿಯುತ್ತೆ. 5ನೇ ಶೇಡ್ ಕಪ್ಪು ಕನ್ನಡಕ ಹಾಕೊಂಡು, ಆಕ್ಸಿಜನ್ 2 ಬಾರ್, ಗ್ಯಾಸ್ 0.2 ಇಟ್ಟು, ಮೊದಲು ಗ್ಯಾಸ್ ಹೊತ್ಸಿ ಆಮೇಲೆ ಆಕ್ಸಿಜನ್ ಬಿಡ್ತಾ ಹೋದೆ, ಹಳದಿ ಉರಿ ಕುಗ್ಗಿ ನಾಜಲ್ ತುದೀಲಿ ಸಣ್ಣ ಸಣ್ಣ ನೀಲಿ ಮೊನೆಗಳು ನಿಂತ್ವು. ಅಂಚನ್ನ ಕಾಯಿಸ್ದೆ, ಮಂಕು ಕೆಂಪು, ಆಮೇಲೆ ಹೊಳೆಯೋ ಕೆಂಪು, ಆಗ ಕುಯ್ಯೋ ಆಕ್ಸಿಜನ್ ಬಿಡೋ ಲಿವರ್ ಒತ್ತಿದ ತಕ್ಷಣ ಕಬ್ಬಿಣ ತಾನೇ ಉರಿಯೋಕೆ ಶುರು ಮಾಡ್ತು, ಕೆಳಗಡೆ ಹೂಕುಂಡ ತಲೆಕೆಳಗೆ ಹಿಡಿದಂಗೆ ಕಿಡಿ. ಅವಸರ ಮಾಡಿದ್ರೆ ಕಿಡಿ ಮೇಲಕ್ಕೆ ವಾಪಸ್ ಚಿಮ್ಮುತ್ತೆ, ನಿಧಾನ ಮಾಡಿದ್ರೆ ಅಂಚು ಕರಗಿ ಕೂಡ್ಕೊಳತ್ತೆ, ಮೊದಲ ಒಂದು ಅಡಿ ಎರಡೂ ಆಯ್ತು, ಆಮೇಲೆ ಕೈಗೆ ಹದ ಸಿಕ್ತು. ಗ್ರೈಂಡರಲ್ಲಿ ಎರಡು ದಿನ ಒದ್ದಾಡಿದ್ದ ದುಂಡು ಅಂಚು ಅರ್ಧ ಗಂಟೇಲಿ ಬಿಡ್ಸಿದೆ.

ಬೀಡು ಕಬ್ಬಿಣ, ಸ್ಟೇನ್‌ಲೆಸ್ ಇದರಲ್ಲಿ ಕುಯ್ಯೋಕಾಗಲ್ಲ. ಹಳೇ ಡೀಸೆಲ್ ಡ್ರಮ್ಮು, ಪೆಟ್ರೋಲ್ ಟ್ಯಾಂಕು ಕುಯ್ಕೊಡಿ ಅಂತ ಅಕ್ಕಪಕ್ಕದವರು ತಂದ್ರೆ ಎಷ್ಟೇ ಪರಿಚಯ ಇದ್ರೂ ನಾನು ಮುಟ್ಟಲ್ಲ, ಖಾಲಿ ಡ್ರಮ್ಮಿನೊಳಗೆ ಉಳಿದಿರೋ ಆವಿ ಸಾಕು ಜೀವ ತೆಗೆಯೋಕೆ.

ಈಗ ಅದೇ ಪೈಪಿಗೆ ಒಂದು ಬ್ರೇಜಿಂಗ್ ಟಾರ್ಚ್ ಹಾಕ್ಕೊಂಡು ನಮ್ಮಪ್ಪನ ಹಳೇ ಸೈಕಲ್ ಫ್ರೇಮ್ ರಿಪೇರಿ ಮಾಡ್ತಿದೀನಿ, ಹಿತ್ತಾಳೆ ಕಡ್ಡಿ ಕಾಯಿಸಿ ಬಿಳಿಗಾರದಲ್ಲಿ ಅದ್ದಿ ಇಟ್ರೆ ಲಗ್ಗಿನ (ಫ್ರೇಮ್ ಪೈಪುಗಳು ಕೂಡೋ ಕಡೆ ಇರೋ ತೋಳು) ಸಂದಿಗೆ ಹಿತ್ತಾಳೆ ನೀರಿನಂಗೆ ಎಳ್ಕೊಂಡು ಹೋಗುತ್ತೆ. ಸೀಟಿನ ಕೆಳಗಿನ ಜಾಯಿಂಟ್ ಮುಗೀತು, ಹ್ಯಾಂಡಲ್ ಕಡೆದು ಇನ್ನೂ ಬಾಕಿ ಇದೆ.