ರಿಂಗ್ ಓದಿದವನು ಗ್ರಾಫ್ ಬಿಡಿಸಿದ್ದು

ಅಮೂರ್ತ ಬೀಜಗಣಿತ ಅಂದರೆ ಒಬ್ಬರೇ ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಎಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ನನ್ನ ಮಟ್ಟಿಗೆ ಅದು ನಿಜವಾಗಲಿಲ್ಲ. ಮಾನಸಗಂಗೋತ್ರಿಯಲ್ಲಿ ಸಂಶೋಧನೆಗೆ ಸೇರಿದಾಗ ನನಗೆ ಗೊತ್ತಿದ್ದದ್ದು ರಿಂಗ್ (ಕೂಡಿಸಲು, ಕಳೆಯಲು, ಗುಣಿಸಲು ಬರುವ ಅಂಶಗಳ ಗುಂಪು), ಐಡಿಯಲ್ (ರಿಂಗಿನ ಯಾವ ಅಂಶದಿಂದ ಗುಣಿಸಿದರೂ ಹೊರಗೆ ಹೋಗದ ಉಪಗುಂಪು), ಮಾಡ್ಯೂಲ್‌ನಂಥ ಬೀಜಗಣಿತದ ರಚನೆಗಳು ಇಷ್ಟೇ. ಆದರೆ ಇವತ್ತಿಗೂ ನನಗೆ ಹೆಮ್ಮೆ ತರುವ ಪೇಪರುಗಳೆಲ್ಲ ಗ್ರಾಫ್ ಥಿಯರಿ, ಅಂದರೆ ಬಿಂದುಗಳು ಮತ್ತು ಅವನ್ನು ಸೇರಿಸುವ ಗೆರೆಗಳ ಗಣಿತ, ಮಾಡುತ್ತಿದ್ದ ಗೆಳೆಯರೊಬ್ಬರ ಜೊತೆ ಬೋರ್ಡಿನ ಮುಂದೆ ನಿಂತು ಬಂದವು. ಗ್ರಾಫ್ ಥಿಯರಿಗೆ ಮೈಸೂರಿನಲ್ಲಿ ಒಳ್ಳೆಯ ನೆಲವಿದೆ; ಇ. ಸಂಪತ್‌ಕುಮಾರ್ ಅವರಂಥವರು ಕೆಲಸ ಮಾಡಿದ ಜಾಗ ಇದು.

ನಮ್ಮಿಬ್ಬರನ್ನು ಕೂಡಿಸಿದ್ದು ಶೂನ್ಯ ಭಾಜಕಗಳು. 12ರ ಮಾಡ್ಯುಲೋ ಲೆಕ್ಕದಲ್ಲಿ, ಅಂದರೆ 12ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡರೆ, 3 ಸೊನ್ನೆಯಲ್ಲ, 4 ಕೂಡ ಸೊನ್ನೆಯಲ್ಲ, ಆದರೆ ಎರಡನ್ನೂ ಗುಣಿಸಿದರೆ ಸೊನ್ನೆ. ಹೀಗೆ ಸೊನ್ನೆಯಲ್ಲದ ಇನ್ನೊಂದರ ಜೊತೆ ಗುಣಿಸಿದಾಗ ಸೊನ್ನೆ ಕೊಡುವ 2, 3, 4, 6, 8, 9, 10 ಈ ಏಳನ್ನು ಬಿಂದುಗಳಾಗಿ ಬರೆದು, ಗುಣಲಬ್ಧ ಸೊನ್ನೆಯಾಗುವ ಜೋಡಿಗಳ ನಡುವೆ ಗೆರೆ ಎಳೆದರೆ ಒಂದು ಗ್ರಾಫ್ ಸಿಗುತ್ತದೆ. ಈ ವಿಚಾರವನ್ನು 1988ರಲ್ಲಿ ಇಸ್ತ್ವಾನ್ ಬೆಕ್ ಬಣ್ಣ ತುಂಬುವ ಪ್ರಶ್ನೆಯಾಗಿ ತಂದರು: ಗೆರೆಯಿಂದ ಸೇರಿದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬರದಂತೆ ಮಾಡಲು ಎಷ್ಟು ಬಣ್ಣ ಬೇಕು? ಇವತ್ತು ನಾವು ಬಳಸುವ ರೂಪವನ್ನು ಆಂಡರ್ಸನ್ ಮತ್ತು ಲಿವಿಂಗ್‌ಸ್ಟನ್ 1999ರಲ್ಲಿ ಕೊಟ್ಟರು. ಕಮ್ಯುಟೇಟಿವ್ (ಗುಣಿಸುವ ಕ್ರಮ ಬದಲಿಸಿದರೂ ಉತ್ತರ ಬದಲಾಗದ) ರಿಂಗ್ ಯಾವುದೇ ಇರಲಿ, ಈ ಗ್ರಾಫಿನಲ್ಲಿ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೆಚ್ಚೆಂದರೆ ಮೂರು ಗೆರೆ ಸಾಕು ಎಂದು ಅವರು ಸಾಧಿಸಿದರು.

ಆ ಸಾಧನೆ (ಪ್ರೂಫ್) ಎಷ್ಟು ಚಿಕ್ಕದು ನೋಡಿ. a, b ಎರಡು ಬಿಂದುಗಳು, ನಡುವೆ ಗೆರೆಯಿಲ್ಲ. a ಜೊತೆ ಸೊನ್ನೆಯಾಗುವ x, b ಜೊತೆ ಸೊನ್ನೆಯಾಗುವ y ತೆಗೆದುಕೊಳ್ಳಿ. xy ಸೊನ್ನೆಯಾದರೆ a, x, y, b ಎಂದು ದಾರಿ ಸಿಕ್ಕಿತು. ಆಗದಿದ್ದರೆ xy ತಾನೇ ಎರಡಕ್ಕೂ ಸೇತುವೆ. 12ರ ಗ್ರಾಫಿನಲ್ಲಿ 2ರಿಂದ 3ಕ್ಕೆ ಹೋಗಲು ನಿಜಕ್ಕೂ ಮೂರು ಗೆರೆ ಬೇಕು: 2, 6, 4, 3. ಎಂ.ಎಸ್ಸಿ. ತರಗತಿಯಲ್ಲಿ ಇದನ್ನು ಬರೆದಾಗಲೆಲ್ಲ ನನಗೆ ಮೊದಲ ಸಲದಷ್ಟೇ ಸಂತೋಷ.

ಗೆಳೆಯರ ಪ್ರಶ್ನೆ ಬೇರೆ ಕಡೆಯಿಂದ ಬಂತು. ಇವಾನ್ ಗುಟ್ಮನ್ 1978ರಲ್ಲಿ ಪರಿಚಯಿಸಿದ ಗ್ರಾಫ್ ಎನರ್ಜಿ, ಅಂದರೆ ಯಾವ ಬಿಂದುಗಳ ನಡುವೆ ಗೆರೆಯಿದೆ ಎಂದು 0, 1ರಲ್ಲಿ ಬರೆದ ಮ್ಯಾಟ್ರಿಕ್ಸಿನ ಐಗನ್ ಮೌಲ್ಯಗಳ (ಆ ಮ್ಯಾಟ್ರಿಕ್ಸಿನ ಸ್ವಭಾವ ಹೇಳುವ ವಿಶಿಷ್ಟ ಸಂಖ್ಯೆಗಳ) ಚಿಹ್ನೆ ಬಿಟ್ಟ ಪರಿಮಾಣಗಳ ಮೊತ್ತ, ಈ ಗ್ರಾಫುಗಳಿಗೆ ಎಷ್ಟು? 12ರ ಜಾಗದಲ್ಲಿ n ಎಂಬ ಸಂಖ್ಯೆ ಇಡಿ; n ಒಂದು ಅವಿಭಾಜ್ಯ p ಯ ವರ್ಗವಾದರೆ ಕಷ್ಟವಿಲ್ಲ: p−1 ಬಿಂದುಗಳು, ಎಲ್ಲಕ್ಕೂ ಎಲ್ಲದರ ಜೊತೆ ಗೆರೆ, ಎನರ್ಜಿ 2(p−2). n ದೊಡ್ಡದಾದ ಹಾಗೆ ಮ್ಯಾಟ್ರಿಕ್ಸ್ ಕೈಗೆ ಸಿಗುವುದಿಲ್ಲ. ಅಲ್ಲಿ ರಿಂಗ್ ಓದಿದವನ ಕೆಲಸ ಶುರುವಾಯಿತು. n ಜೊತೆಗಿನ ಮ.ಸಾ.ಅ. ಒಂದೇ ಆಗಿರುವ ಬಿಂದುಗಳ ಸ್ವಭಾವವೂ ಒಂದೇ. ಏಕೆಂದರೆ ಅವು ಹುಟ್ಟಿಸುವ ಐಡಿಯಲ್ ಒಂದೇ. 12ರಲ್ಲಿ 2 ಮತ್ತು 10 ಒಂದು ಗುಂಪು, 3 ಮತ್ತು 9 ಇನ್ನೊಂದು, 4 ಮತ್ತು 8 ಮತ್ತೊಂದು, 6 ಒಂಟಿ. ಏಳು ಸಾಲಿನ ಮ್ಯಾಟ್ರಿಕ್ಸಿನ ಬದಲು ನಾಲ್ಕು ಸಾಲಿನದು ಸಾಕು. ಉಳಿದ ಐಗನ್ ಮೌಲ್ಯಗಳನ್ನು ಗುಂಪುಗಳನ್ನು ನೋಡಿಯೇ ಹೇಳಬಹುದು. ಐಡಿಯಲ್ ನನ್ನದು, ಐಗನ್ ಮೌಲ್ಯ ಅವರದು. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅದಕ್ಕೇ ಕೆಲಸ ನಡೆಯಿತು.

ನಾವು ಇಟ್ಟುಕೊಂಡ ಪದ್ಧತಿ ಸರಳ. ಸಣ್ಣ ಉದಾಹರಣೆಗಳನ್ನು ಕೈಯಲ್ಲೇ ಮಾಡುವುದು, ಆಮೇಲೆ ಸೇಜ್‌ಮ್ಯಾಥ್ ಅಥವಾ ಗ್ಯಾಪ್ ಎಂಬ ಗಣಿತದ ಸಾಫ್ಟ್‌ವೇರ್‌ನಲ್ಲಿ ದೊಡ್ಡವನ್ನು ನೋಡುವುದು. ಕಂಪ್ಯೂಟರ್ ಒಪ್ಪಿದರೂ ಸಾಧನೆ ಸಿಗುವವರೆಗೆ ಅದು ಊಹೆಯೇ. ಬೇಕಾಗುವ ಬಣ್ಣಗಳ ಸಂಖ್ಯೆ, ಎಲ್ಲವೂ ಒಂದಕ್ಕೊಂದು ಗೆರೆಯಿಂದ ಸೇರಿರುವ ಅತಿ ದೊಡ್ಡ ಗುಂಪಿನ ಬಿಂದುಗಳಷ್ಟೇ ಎಂಬ ಬೆಕ್ ಅವರ ಊಹೆಯೂ ಎಷ್ಟೋ ರಿಂಗ್‌ಗಳಿಗೆ ಸರಿಹೊಂದಿತ್ತು. 1993ರಲ್ಲಿ ಆಂಡರ್ಸನ್ ಮತ್ತು ನಸೀರ್ ತೋರಿಸಿದ 32 ಅಂಶಗಳ ಒಂದು ರಿಂಗ್ ಅದನ್ನು ಮುರಿಯಿತು. ಮಂಡ್ಯದ ಕಾಲೇಜಿಗೆ ಕೆಲಸಕ್ಕೆ ಸೇರಿದ ಮೇಲೆ ಬೋರ್ಡಿನ ಜಾಗಕ್ಕೆ ಇಮೇಲ್ ಬಂತು, ಮುಂದೆ ಇರಾನಿನ ಒಬ್ಬರು ಜೊತೆಯಾದರು. ಪರಿಚಯವಿಲ್ಲದವರಿಗೆ ಬರೆಯುವಾಗ ನಾನು ಹೊಗಳಿಕೆ ಬರೆಯುವುದಿಲ್ಲ. ಅವರ ಪ್ರಮೇಯದಲ್ಲಿ ಒಂದು ಷರತ್ತು ತೆಗೆದರೆ ಏನಾಗುತ್ತದೆ ಎಂದು ಒಂದು ಲೆಕ್ಕ ಮಾಡಿ ಕಳಿಸುತ್ತೇನೆ. ಲೆಕ್ಕ ಇದ್ದರೆ ಉತ್ತರ ಬರುತ್ತದೆ.

ಹೆಸರಿನ ಕ್ರಮದ ಬಗ್ಗೆ ಹೇಳಲೇಬೇಕು. ಗಣಿತದಲ್ಲಿ ಲೇಖಕರ ಹೆಸರು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಬರುತ್ತದೆ, ಯಾರ ಪಾಲು ಹೆಚ್ಚು, ಯಾರದು ಕಡಿಮೆ ಎಂಬುದಿಲ್ಲ. ರಾಮಾನುಜನ್ ಅವರ ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯದ ಮೇಲೆ 1985ರಲ್ಲಿ ಬಂದ ಪ್ರಬಂಧ ನೋಡಿ: ಅಡಿಗ, ಬರ್ನ್ಟ್, ಭಾರ್ಗವ, ವಾಟ್ಸನ್. ಅಡಿಗ, ಭಾರ್ಗವ ನಮ್ಮ ಮೈಸೂರಿನವರು. ವಾಟ್ಸನ್ ತೀರಿಕೊಂಡಿದ್ದು 1965ರಲ್ಲಿ. ಅವರು ಬಿಟ್ಟುಹೋದ ಕೆಲಸಕ್ಕೂ ಹೆಸರು ಸಂದಿದೆ. ಆದರೆ ಯುಜಿಸಿಯ 2018ರ ನಿಯಮದಲ್ಲಿ ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಪೇಪರಿನ ಅಂಕದಲ್ಲಿ ಮೊದಲ, ಮುಖ್ಯ ಅಥವಾ ಕರೆಸ್ಪಾಂಡಿಂಗ್ ಲೇಖಕರಿಗೆ (ಪತ್ರಿಕೆಯ ಜೊತೆ ಪತ್ರವ್ಯವಹಾರ ನಡೆಸುವವರಿಗೆ) 70 ಶೇಕಡಾ, ಉಳಿದ ಪ್ರತಿಯೊಬ್ಬರಿಗೆ 30. ಅಕ್ಷರಮಾಲೆಯ ಕೊನೆಯಲ್ಲಿ ಹೆಸರಿರುವ ಎಳೆಯ ಸಂಶೋಧಕರಿಗೆ ಇದು ಅನ್ಯಾಯ. ಹಾಗಾಗಿ ಕರೆಸ್ಪಾಂಡಿಂಗ್ ಲೇಖಕರ ಜಾಗವನ್ನು ನಾವು ಬಡ್ತಿ ಬೇಕಾದ ಕಿರಿಯರಿಗೆ ಬಿಟ್ಟುಕೊಡುತ್ತೇವೆ, ಹೆಸರಿನ ಕ್ರಮ ಮಾತ್ರ ಬದಲಿಸುವುದಿಲ್ಲ. ಜೊತೆಗೆ ಕೆಲಸ ಶುರುಮಾಡುವ ದಿನವೇ ಇದನ್ನು ಮಾತಾಡಿಕೊಳ್ಳುತ್ತೇವೆ.