ವಕೀಲರಿಗೆ ಕೆಲಸ ಮುಂದುವರಿಸಲು ಆಗದಿದ್ದಾಗ ಅವರ ಆಫೀಸನ್ನು ಮುಚ್ಚುವುದು ಹೇಗೆ

ಮೊದಲು ಕೇಸಿನ ದಿನಾಂಕಗಳನ್ನು ಬರೆದಿಡುವ ಡೈರಿ ಹುಡುಕಿ. ಬೀರು, ಪಾಸ್‌ಬುಕ್, ಬಾಡಿಗೆ ಕರಾರು ಎಲ್ಲ ಆಮೇಲೆ. ವಕೀಲರು ಆಸ್ಪತ್ರೆಯಲ್ಲಿ ಮಲಗಿದ್ದರೂ ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ಅವರ ಕೇಸಿನ ನಂಬರು ಕೂಗುತ್ತಾರೆ. ಯಾರೂ ಎದ್ದು ನಿಲ್ಲದಿದ್ದರೆ ವಾದಿಯ ದಾವೆ ವಜಾ ಆಗಬಹುದು, ಪ್ರತಿವಾದಿ ಎಕ್ಸ್‌ಪಾರ್ಟಿ ಆಗಬಹುದು, ಅಂದರೆ ಅವನಿಲ್ಲದೆಯೇ ಕೇಸು ಮುಂದುವರಿಯಬಹುದು.

ನಾನು ತಿಪಟೂರಿನಲ್ಲಿ ವಕೀಲಿ ಮಾಡುತ್ತೇನೆ. ನನ್ನ ಸೀನಿಯರ್‌ಗೆ ಪಾರ್ಶ್ವವಾಯು ಹೊಡೆದು ಮಾತೂ ಹೋಯಿತು, ಸಹಿ ಹಾಕುವ ಕೈಯೂ ಹೋಯಿತು. ಆಫೀಸು ಮುಚ್ಚುವ ಕೆಲಸ ನನಗೆ, ಗುಮಾಸ್ತರಿಗೆ ಮತ್ತು ಸೀನಿಯರ್ ಹೆಂಡತಿಗೆ ಬಂತು. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಹೊತ್ತಲ್ಲಿ ಕೋರ್ಟೇ ಇನ್ನೊಬ್ಬ ವಕೀಲರನ್ನು ನೇಮಿಸಿ ಕಡತಗಳನ್ನು ಅವರ ಕೈಗೆ ಒಪ್ಪಿಸುತ್ತದೆ. ನಮ್ಮ 1961ರ ವಕೀಲರ ಕಾಯಿದೆಯಲ್ಲಿ ಅಂಥ ಏರ್ಪಾಡು ಇಲ್ಲ. ಮನೆಯವರು, ಜೂನಿಯರ್, ಗುಮಾಸ್ತರು, ವಕೀಲರ ಸಂಘ ಸೇರಿಯೇ ಮಾಡಿಕೊಳ್ಳಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಡೈರಿ ಸಿಕ್ಕಿದ ಮೇಲೆ, ಕೋರ್ಟಿನ ಕೇಸುಗಳ ವಿವರ ತೋರಿಸುವ ಇ-ಕೋರ್ಟ್ಸ್ ಆ್ಯಪ್ ತೆಗೆಯಿರಿ. ವಕೀಲರ ಹೆಸರಿನಿಂದಲೂ ಹುಡುಕಬಹುದು, ಸನ್ನದು (ವಕೀಲರ ನೋಂದಣಿ) ನಂಬರಿನಿಂದಲೂ ಹುಡುಕಬಹುದು. ಎರಡೂ ಮಾಡಿ. ಇನಿಷಿಯಲ್ ಹಿಂದೆ ಮುಂದೆ ಆಗಿರುತ್ತದೆ, ಒಂದೊಂದು ಕೋರ್ಟಿನಲ್ಲಿ ಒಂದೊಂದು ಸ್ಪೆಲಿಂಗ್ ಇರುತ್ತದೆ. ಸಿಕ್ಕಿದ ಪ್ರತಿ ಕೇಸಿನ ಸಿಎನ್‌ಆರ್ ನಂಬರು (ಅಕ್ಷರ, ಅಂಕಿ ಸೇರಿ 16 ಇರುವ, ಆ ಕೇಸಿಗೇ ಮೀಸಲಾದ ಗುರುತು), ಕೋರ್ಟು, ಮುಂದಿನ ದಿನಾಂಕ, ಹಂತ ಬರೆದುಕೊಳ್ಳಿ. ಡೈರಿಯ ಜೊತೆ ತಾಳೆ ನೋಡಿ. ತಹಶೀಲ್ದಾರ್ ಮತ್ತು ಎಸಿ (ಉಪವಿಭಾಗಾಧಿಕಾರಿ) ಕೋರ್ಟಿನ ಜಮೀನು ತಕರಾರುಗಳು ಇದರಲ್ಲಿ ಕಾಣುವುದಿಲ್ಲ. ಆ ಕಚೇರಿಗಳಿಗೆ ಹೋಗಿಯೇ ಕೇಳಬೇಕು. ಗುಮಾಸ್ತರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಯಾವ ಊರಿನ ಯಾರ ಕೇಸು ಯಾವ ಕಟ್ಟಿನಲ್ಲಿದೆ ಎಂದು ಅವರಿಗೆ ಡೈರಿಗಿಂತ ಜಾಸ್ತಿ ಗೊತ್ತಿರುತ್ತದೆ.

ವಕೀಲರ ಸಂಘದ ಅಧ್ಯಕ್ಷರಿಗೆ ಅದೇ ದಿನ ಹೇಳಿ. ಅವರು ನ್ಯಾಯಾಧೀಶರ ಗಮನಕ್ಕೆ ತಂದರೆ, ಪ್ರತಿ ಕೇಸಿಗೂ ಒಂದು ಮೆಮೊ (ಚಿಕ್ಕ ಲಿಖಿತ ಕೋರಿಕೆ) ಹಾಕಿ ಸಮಯ ಕೇಳಬಹುದು. ಎದುರು ವಕೀಲರಿಗೂ ತಿಳಿಸಿ. ಇಂಥ ಹೊತ್ತಲ್ಲಿ ಬಾರ್‌ನವರು ಕೈಬಿಡುವುದು ಕಡಿಮೆ. ಅಷ್ಟರಲ್ಲೇ ಒಂದು ಕೇಸು ವಜಾ ಆಗಿದ್ದರೆ, ಅಥವಾ ಎಕ್ಸ್‌ಪಾರ್ಟಿ ಡಿಕ್ರಿ (ದಾವೆಯ ಅಂತಿಮ ಆದೇಶ) ಆಗಿದ್ದರೆ, ರದ್ದು ಮಾಡಿಸಲು ಸಾಮಾನ್ಯವಾಗಿ 30 ದಿನ ಇರುತ್ತದೆ. ಆ ಅವಧಿ ದಾಟಿದ್ದರೂ ವೈದ್ಯರ ಸರ್ಟಿಫಿಕೇಟ್ ಇಟ್ಟು ಮಿತಿ ಕಾಯಿದೆಯ (ಕೋರ್ಟಿನ ಗಡುವುಗಳ ಕಾನೂನು) 5ನೇ ಕಲಮಿನಡಿ ತಡ ಮನ್ನಿಸಲು ಕೇಳಬಹುದು. ವಕೀಲರು ಗೈರಾದದ್ದಕ್ಕೆ ಏನೂ ಅರಿಯದ ಕಕ್ಷಿದಾರನಿಗೆ ಶಿಕ್ಷೆ ಆಗಬಾರದು ಎಂದು ಸುಪ್ರೀಂ ಕೋರ್ಟ್ 1981ರಲ್ಲಿ ರಫೀಕ್ ಕೇಸಿನಲ್ಲಿ ಹೇಳಿದೆ. ಆದರೆ ಅದನ್ನೇ ನಂಬಿ ಕೂರಬೇಡಿ.

ನನ್ನ ಪ್ರಕಾರ ಇವಕ್ಕಿಂತ ಅಪಾಯ ಇನ್ನೂ ಕೋರ್ಟಿಗೇ ಹೋಗದ ಕೇಸುಗಳಲ್ಲಿದೆ. ಅವು ಆ್ಯಪ್‌ನಲ್ಲಿ ಬರುವುದಿಲ್ಲ, ಡೈರಿಯಲ್ಲೂ ಇರುವುದಿಲ್ಲ. ಮೇಜಿನ ಮೇಲೆ, ಡ್ರಾಯರಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಇರುತ್ತವೆ. ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸು ಕೊಡಬೇಕು. ನೋಟಿಸು ತಲುಪಿ 15 ದಿನದಲ್ಲಿ ಹಣ ಬರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು ಹಾಕಬೇಕು. ಸಿವಿಲ್ ದಾವೆಯಲ್ಲಿ ಸಮನ್ಸ್ ಬಂದ 30 ದಿನದಲ್ಲಿ ಲಿಖಿತ ಹೇಳಿಕೆ ಕೊಡಬೇಕು, ಕೋರ್ಟು ಒಪ್ಪಿದರೆ 90 ದಿನದವರೆಗೆ. ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹಾಕಲು 30 ದಿನ, ಹೈಕೋರ್ಟಿಗೆ 90 ದಿನ. ಆದ್ದರಿಂದ ಮೇಜಿನ ಮೇಲಿನ ಪ್ರತಿ ಕಾಗದವನ್ನೂ ತಿರುಗಿಸಿ ನೋಡಿ. ಸೀನಿಯರ್ ಫೋನಿನ ಸಿಮ್‌ಗೆ ರೀಚಾರ್ಜ್ ಮಾಡಿಸುತ್ತಲೇ ಇರಿ. ಕಕ್ಷಿದಾರರು ಆ ನಂಬರಿಗೇ ಫೋನ್ ಮಾಡುತ್ತಾರೆ, ಕೋರ್ಟಿನ ಮೆಸೇಜುಗಳೂ ಅಲ್ಲಿಗೇ ಬರುತ್ತವೆ. ಆದರೆ ಅವರ ಲಾಗಿನ್ ಬಳಸಿ ಯಾರೂ ಏನನ್ನೂ ಫೈಲ್ ಮಾಡಬಾರದು. ಅವರು ನೋಟರಿ ಆಗಿದ್ದರೆ ಆ ಮೊಹರು ಮೊದಲ ದಿನವೇ ಬೀಗದೊಳಗೆ ಹೋಗಬೇಕು.

ಇನ್ನು ವಕಾಲತ್ತು, ಅಂದರೆ ತನ್ನ ಪರ ಕೋರ್ಟಿನಲ್ಲಿ ನಿಲ್ಲಲು ಕಕ್ಷಿದಾರ ವಕೀಲರಿಗೆ ಸಹಿ ಹಾಕಿ ಕೊಡುವ ಅಧಿಕಾರ ಪತ್ರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದ ಪ್ರಕಾರ, ವಕೀಲರು ತೀರಿಕೊಂಡರೆ ವಕಾಲತ್ತು ಅಲ್ಲಿಗೇ ಮುಗಿಯುತ್ತದೆ. ಹಾಸಿಗೆ ಹಿಡಿದರೆ ತಾನಾಗಿ ಮುಗಿಯುವುದಿಲ್ಲ. ಕೋರ್ಟಿನ ಅನುಮತಿ ಪಡೆದು, ಲಿಖಿತವಾಗಿ ಕೊನೆಗೊಳಿಸಬೇಕು. ಹೊಸ ವಕೀಲರು ಬರುವಾಗ ಹಳೆಯವರ 'ನೋ ಅಬ್ಜೆಕ್ಷನ್' ಸಹಿ ತೆಗೆದುಕೊಳ್ಳುವುದು ರೂಢಿ. ಸಹಿ ಹಾಕಲು ಆಗದವರ ಹತ್ತಿರ ಅದನ್ನು ಕೇಳುವುದು ಹೇಗೆ? ಅಗತ್ಯವಿಲ್ಲ. ಅದೇ ನಿಯಮದಲ್ಲಿ ಕಕ್ಷಿದಾರನ ಸಹಿಯೂ ಸಾಕು. ಅವನು ಒಂದು ಅರ್ಜಿಗೆ ಸಹಿ ಹಾಕಿ, ವೈದ್ಯರ ಸರ್ಟಿಫಿಕೇಟ್ ಜೊತೆಗಿಟ್ಟು, ಹೊಸ ವಕಾಲತ್ತು ಸಲ್ಲಿಸಬಹುದು. ವಕಾಲತ್ತಿನಲ್ಲಿ ಜೂನಿಯರ್ ಹೆಸರೂ ಸಹಿಯೂ ಇದ್ದರೆ ಅವರು ಸದ್ಯಕ್ಕೆ ನಿಭಾಯಿಸಬಹುದು. ಮನೆಯವರು ದಯವಿಟ್ಟು ಸೀನಿಯರ್ ಸಹಿಯನ್ನು ತಾವು ಹಾಕಬೇಡಿ, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ.

ಕಕ್ಷಿದಾರರಿಗೆ ಪತ್ರ ಬರೆಯಿರಿ. ಕನ್ನಡದಲ್ಲಿ, ಒಂದೇ ಪುಟ. ನಮ್ಮದು ಸರಿಸುಮಾರು ಹೀಗಿತ್ತು: "ನಿಮ್ಮ ವಕೀಲರಿಗೆ ಆರೋಗ್ಯ ಕೆಟ್ಟಿದೆ, ಅವರು ಇನ್ನು ಕೋರ್ಟಿಗೆ ಬರಲಾರರು. ನಿಮ್ಮ ಕೇಸಿನ ನಂಬರು ಇದು, ಮುಂದಿನ ದಿನಾಂಕ ಇದು. ನಿಮಗೆ ನಂಬಿಕೆ ಇರುವ ಯಾವ ವಕೀಲರನ್ನಾದರೂ ನೇಮಿಸಿಕೊಳ್ಳಬಹುದು. ಕಾಗದಪತ್ರಗಳನ್ನು ಆಫೀಸಿಗೆ ಬಂದು ತೆಗೆದುಕೊಂಡು ಹೋಗಿ." ಪತ್ರದಲ್ಲಿ ಜೂನಿಯರ್ ತನ್ನ ಹೆಸರನ್ನು ಮುಂದೆ ಮಾಡಬಾರದು. ಆಯ್ಕೆ ಕಕ್ಷಿದಾರನದು. ಕೆಲಸ ಕೇಳಿಕೊಂಡು ಹೋಗುವುದು ವಕೀಲರ ಪರಿಷತ್ತಿನ ನಿಯಮಕ್ಕೂ ವಿರುದ್ಧ. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿ ತೋರಿಸಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಜೈಲಿನಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಕೇಳಬಹುದು. ಪತ್ರ ತಲುಪದವರು ಇದ್ದೇ ಇರುತ್ತಾರೆ. ನಮ್ಮೂರಲ್ಲಿ ಕೊಬ್ಬರಿ ಹರಾಜಿನ ದಿನ ಸುತ್ತಲ ಹಳ್ಳಿಯವರು ಬರುತ್ತಾರೆ, ಹಾಗೇ ಒಮ್ಮೆ ವಕೀಲರ ಆಫೀಸಿಗೂ ಇಣುಕುತ್ತಾರೆ. ಅಂಥ ದಿನಗಳಲ್ಲಿ ಆಫೀಸು ತೆರೆದೇ ಇರಲಿ, ಬಾಗಿಲಿಗೆ ಒಂದು ಚೀಟಿಯೂ ಇರಲಿ.

ಮೂಲ ದಾಖಲೆಗಳಿಗೆ ಬೇರೆಯೇ ಪುಸ್ತಕ ಇಡಿ. ಕ್ರಯಪತ್ರ, ವಿಭಾಗಪತ್ರ, ಚೆಕ್ಕು, ಉಯಿಲು. ಯಾರಿಗೆ ಏನು ಕೊಟ್ಟಿರಿ, ದಿನಾಂಕ, ಸಹಿ ಅಥವಾ ಹೆಬ್ಬೆಟ್ಟು ಎಲ್ಲವೂ ಅದರಲ್ಲಿರಲಿ. ಉಯಿಲನ್ನು ಬರೆಸಿದವರ ಕೈಗೇ ಕೊಡಿ. ಮಗ ಬಂದು "ಅಪ್ಪ ಕಳಿಸಿದರು" ಎಂದರೆ, ಅಪ್ಪನಿಗೇ ಫೋನ್ ಮಾಡಿ. ಅಣ್ಣ ತಮ್ಮಂದಿರ ಜಮೀನಿನ ಕಾಗದವನ್ನು ಯಾರು ತಂದು ಕೊಟ್ಟಿದ್ದರೋ ಅವರಿಗೇ ಒಪ್ಪಿಸಿ. ತಾಲ್ಲೂಕು ಆಫೀಸುಗಳಲ್ಲಿ ಇನ್ನೊಂದು ಸಿಗುತ್ತದೆ: ಕಕ್ಷಿದಾರರು ಸಹಿ ಮಾತ್ರ ಹಾಕಿಟ್ಟುಹೋದ ಖಾಲಿ ಹಾಳೆ, ಖಾಲಿ ಛಾಪಾ ಕಾಗದ. ಇವು ತಪ್ಪು ಕೈಗೆ ಸಿಕ್ಕರೆ ಒಂದು ಮನೆ, ಒಂದು ತೋಟ ಹೋಗಬಹುದು. ಸಹಿ ಹಾಕಿದವರನ್ನೇ ಕರೆಸಿ, ಅವರ ಕಣ್ಣೆದುರೇ ಹರಿಯಿರಿ.

ಫೀಸು ಬಾಕಿ ಇದೆ ಎಂದು ಕಡತ ಹಿಡಿದಿಡಬೇಡಿ. ವಕೀಲರಿಗೆ ಆ ಹಕ್ಕಿಲ್ಲ ಎಂದು ಆರ್.ಡಿ. ಸಕ್ಸೇನಾ ಕೇಸಿನಲ್ಲಿ 2000ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರಿಗೇ ಇಲ್ಲದ ಹಕ್ಕು ಅವರ ಮನೆಯವರಿಗೆ ಎಲ್ಲಿಂದ ಬರುತ್ತದೆ, ಅಲ್ವಾ? ಬಾಕಿಯನ್ನು ಬೇರೆಯಾಗಿ ಕೇಳಿ. ಆಸ್ಪತ್ರೆ ಖರ್ಚಿನ ನಡುವೆ ಇದು ಕಷ್ಟವೇ, ನಾನು ಕಣ್ಣಾರೆ ನೋಡಿದ್ದೇನೆ. ಆದರೂ ಕೋರ್ಟ್ ಫೀಗೆಂದು ಕೊಟ್ಟು ಇನ್ನೂ ಕಟ್ಟದ ಹಣ, ರಾಜಿಯಲ್ಲಿ ಬಂದ ಹಣ, ಮಾಡದ ಕೆಲಸಕ್ಕೆ ಪಡೆದ ಮುಂಗಡ ಇವು ಕಕ್ಷಿದಾರರವು. ರಸೀದಿ ಪಡೆದು ಹಿಂದಿರುಗಿಸಿ.

ಮುಗಿದ ಕೇಸುಗಳ ಕಟ್ಟನ್ನು ರದ್ದಿಗೆ ಹಾಕಲೇಬೇಡಿ. ಕಕ್ಷಿದಾರ ವಕೀಲರಿಗೆ ಹೇಳಿದ್ದು ಗುಟ್ಟು. ಆ ಕಟ್ಟುಪಾಡು ಕೇಸು ಮುಗಿದ ಮೇಲೂ ಇರುತ್ತದೆ, ಗುಮಾಸ್ತರಿಗೂ ಅನ್ವಯಿಸುತ್ತದೆ. ಡಿಕ್ರಿ ಜಾರಿಗೆ 12 ವರ್ಷ ಅವಕಾಶ ಇರುವುದರಿಂದ, ಡಿಕ್ರಿಯ ದೃಢೀಕೃತ ನಕಲನ್ನು ಕಕ್ಷಿದಾರನಿಗೆ ತಪ್ಪದೆ ತಲುಪಿಸಿ. ಉಳಿದ ಕರಡುಗಳನ್ನು ಚೂರು ಮಾಡಿಸಿ.

ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೂ ತಿಳಿಸಿ. 1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯಿದೆಯಡಿ ಸೀನಿಯರ್ ಸದಸ್ಯರಾಗಿದ್ದರೆ ನೆರವಿಗೆ ಅರ್ಜಿ ಹಾಕಬಹುದು. ನಾಮಿನಿ ಯಾರು ಎಂದು ಮೊದಲೇ ವಿಚಾರಿಸಿ.

ಒಬ್ಬರೇ ಆಫೀಸು ನಡೆಸುವ ವಕೀಲ ಮಿತ್ರರಿಗೆ ಒಂದು ಕೋರಿಕೆ. ಈ ವಾರವೇ ಒಂದು ಹಾಳೆಯಲ್ಲಿ ಬರೆದಿಡಿ: ಡೈರಿ ಎಲ್ಲಿದೆ, ಬೀರುವಿನ ಕೀಲಿ ಯಾರ ಹತ್ತಿರ, ಫೋನಿನ ಪಾಸ್‌ವರ್ಡ್, ಮೂಲ ದಾಖಲೆಗಳ ಪಟ್ಟಿ, ನಿಮಗೆ ಆಗದಿದ್ದರೆ ಯಾವ ವಕೀಲರು ಬಂದು ನೋಡಿಕೊಳ್ಳಬೇಕು. ಅವರ ಒಪ್ಪಿಗೆಯನ್ನೂ ಕೇಳಿರಿ. ಕಕ್ಷಿದಾರರು ಒಪ್ಪಿದರೆ ಹೊಸ ವಕಾಲತ್ತುಗಳಲ್ಲಿ ಎರಡನೇ ವಕೀಲರ ಹೆಸರು ಮತ್ತು ಸಹಿ ಹಾಕಿಸಿ. ಹಳೆಯ ಕೇಸುಗಳಲ್ಲೂ, ಕಕ್ಷಿದಾರರು ಮುಂದಿನ ದಿನಾಂಕಕ್ಕೆ ಬಂದಾಗ, ಹೊಸ ವಕಾಲತ್ತು ಮಾಡಿಸಿ.